ಲೋಹಶೋಧನೆ: ಒಂದು ಹವ್ಯಾಸದ ಚರಿತ್ರೆ

ಕಳೆದ ಬೇಸಿಗೆಯಲ್ಲಿ ಡೆಟ್ರಾಯಿಟ್ ಬಳಿಯ ಉದ್ಯಾನವೊಂದರಲ್ಲಿ ನಡೆದ ವನಭೋಜನಕ್ಕೆ ಬಂದಿದ್ದವರಿಗೆ ಒಂದು ಸಣ್ಣ ಗಡಿಬಿಡಿ ನೆನಪಿರಬಹುದು. ಬಿಸಿಬೇಳೆ ಬಾತಿನ ಪಾತ್ರೆ ಬರಿದಾಗಿ, ಮಕ್ಕಳು ಲಗೋರಿಗೆ ಇಳಿದಿದ್ದ ಹೊತ್ತು. ಶಿವಮೊಗ್ಗದಿಂದ ಮಗಳ ಮನೆಗೆ ಬಂದಿದ್ದ ಹಿರಿಯ ಮಹಿಳೆಯೊಬ್ಬರು ಮೂಗು ಮುಟ್ಟಿ ನೋಡಿಕೊಂಡರೆ ಮೂಗುತಿ ಇಲ್ಲ! ಇಪ್ಪತ್ತು ಜನ ಮಂಡಿಯೂರಿ ಹುಲ್ಲು ಸವರಿದೆವು. "ಹೋಗ್ಲಿ ಬಿಡಿ, ಅತ್ತೆಯವರು ಕೊಟ್ಟದ್ದು ಅಂತ ಇಟ್ಕೊಂಡಿದ್ದೆ, ಅಷ್ಟೆ" ಎಂದು ಅವರು ಬಾಯಲ್ಲಿ ಹೇಳುತ್ತಿದ್ದರೂ ಕಣ್ಣು ಮಾತ್ರ ನೆಲ ಬಿಟ್ಟು ಕದಲಲಿಲ್ಲ.

ಆಗ ಅಲ್ಲಿಗೆ ಬಂದವರು ಒಬ್ಬ ಅಮೆರಿಕನ್ ವೃದ್ಧರು. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಬಳೆ. ಈ ಉದ್ಯಾನದಲ್ಲಿ ಹುಡುಕಲು ತಮಗೆ ಅಪ್ಪಣೆಯುಂಟೆಂದು ಜೇಬಿನಿಂದ ಚೀಟಿ ತೆಗೆದು ತೋರಿಸಿ, ಒಂದು ಗಂಟೆ ಹೊತ್ತು ಕೋಲನ್ನು ಅತ್ತಿಂದಿತ್ತ ಬೀಸಿದರು. ಸಿಕ್ಕಿದ್ದು ಸೋಡಾ ಡಬ್ಬಿಯ ಮೂರು ಉಂಗುರ, ಆರು ಸೆಂಟು ಚಿಲ್ಲರೆ, ತುಕ್ಕು ಹಿಡಿದ ಒಂದು ಪಿನ್ನು. ಮೂಗುತಿ ಸಿಗಲಿಲ್ಲ. ಆದರೆ ಆ ಪಿನ್ನನ್ನೂ ಬಿಡದೆ, ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿತ್ತು ಎಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಹೊರಡುವ ಮೊದಲು ನಮ್ಮ ಹುಡುಗಿಯೊಬ್ಬಳಿಗೆ 1944ರ ಒಂದು ಸೆಂಟಿನ ನಾಣ್ಯವನ್ನು ಕೊಟ್ಟರು. ಜೊತೆಗೊಂದು ಚೀಟಿ: ಇಂಥ ದಿನ, ಇಂಥ ಓಕ್ ಮರದಿಂದ ಉತ್ತರಕ್ಕೆ ಹನ್ನೆರಡು ಹೆಜ್ಜೆ, ಆಳ ಐದು ಅಂಗುಲ. "ನಾಣ್ಯ ಕಳೆದರೂ ಚಿಂತೆಯಿಲ್ಲ, ಚೀಟಿ ಕಳೆಯಬೇಡ" ಎಂದು ಅವಳಿಗೆ ಹೇಳಿ ಹೋದರು.

ಮೂಗುತಿ ಆ ರಾತ್ರಿ ಮನೆಯಲ್ಲಿ ಜಮಖಾನೆ ಕೊಡವಿದಾಗ ಅದರ ಮಡಿಕೆಯಿಂದ ಉದುರಿತು. ಯಂತ್ರದಲ್ಲಿ ತಪ್ಪಿರಲಿಲ್ಲ, ನಾವು ಹುಡುಕಿದ ಜಾಗವೇ ತಪ್ಪಾಗಿತ್ತು.

ಅಂದಿನಿಂದ ನಮ್ಮ ಕೂಟದ ನಾಲ್ಕೈದು ಮನೆಗಳಿಗೆ ಈ ಯಂತ್ರ ಬಂದಿದೆ. ಮಕ್ಕಳಿಗೆ ಅದರದೇ ಹುಚ್ಚು. ಹಿರಿಯರಲ್ಲಿ ಕೆಲವರು "ಇದು ಕಾನೂನಿಗೆ ಸರಿಯೇ? ಸಾರ್ವಜನಿಕ ಉದ್ಯಾನವನ್ನು ಅಗೆಯುವುದು ಮರ್ಯಾದೆಯೇ?" ಎಂದು ನಮ್ಮನ್ನು ಕೇಳಿದ್ದಾರೆ. ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಈ ಹವ್ಯಾಸದ ಚರಿತ್ರೆಯನ್ನು ನೋಡಿದರೆ ಉತ್ತರ ತಾನಾಗಿ ಹೊಳೆಯುತ್ತದೆಂದು ನಮಗೆ ತೋರಿದ್ದರಿಂದ ಈ ಲೇಖನ.

ಯಂತ್ರ ಹುಟ್ಟಿದ ಬಗೆ

ಲೋಹಶೋಧಕ ಯಂತ್ರ ಮೊದಲು ಪ್ರಸಿದ್ಧಿಗೆ ಬಂದದ್ದು ಒಂದು ಸೋಲಿನಿಂದ. 1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಗುಂಡು ದೇಹದಲ್ಲಿ ಎಲ್ಲಿ ಸೇರಿದೆಯೆಂದು ವೈದ್ಯರಿಗೆ ತಿಳಿಯಲಿಲ್ಲ. ಎಕ್ಸ್-ಕಿರಣ ಇನ್ನೂ ಹದಿನಾಲ್ಕು ವರ್ಷ ದೂರದಲ್ಲಿದ್ದ ಕಾಲ. ಟೆಲಿಫೋನು ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್, ಎರಡು ತಂತಿ ಸುರುಳಿಗಳನ್ನು ಸಮತೂಗಿಸಿ ಅದಕ್ಕೆ ಟೆಲಿಫೋನಿನ ಕಿವಿ ಜೋಡಿಸಿ ಒಂದು ಉಪಕರಣ ಮಾಡಿಕೊಂಡು ಬಂದರು. ಹತ್ತಿರ ಲೋಹವಿದ್ದರೆ ಸಮತೂಕ ಕೆಟ್ಟು ಗುಂಯ್‌ಗುಡುವ ಸದ್ದು ಕೇಳುತ್ತಿತ್ತು. ಪ್ರಯೋಗಶಾಲೆಯಲ್ಲಿ ಚೆನ್ನಾಗಿ ಕೆಲಸ ಮಾಡಿದ ಉಪಕರಣ ರೋಗಿಯ ಹಾಸಿಗೆಯ ಬಳಿ ಎರಡು ಬಾರಿಯೂ ಗೊಂದಲದ ಸದ್ದು ಮಾಡಿತು. ಹಾಸಿಗೆಯ ಅಡಿ ಉಕ್ಕಿನ ತಂತಿಗಳಿದ್ದವೆಂಬುದು ಆಮೇಲೆ ಗೊತ್ತಾಯಿತು. ಅಲ್ಲದೆ ಮುಖ್ಯ ವೈದ್ಯರು ಗುಂಡು ಬಲಗಡೆಯೇ ಇದೆಯೆಂದು ನಂಬಿದ್ದರಿಂದ ಬೆಲ್ ಬಲಗಡೆಯನ್ನೇ ಹುಡುಕಬೇಕಾಯಿತು. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ಶವಪರೀಕ್ಷೆಯಲ್ಲಿ ಗುಂಡು ಎಡಗಡೆ ಸಿಕ್ಕಿತು. ನಮ್ಮ ಜಮಖಾನೆಯ ಕಥೆಯೇ, ಆದರೆ ಪ್ರಾಣ ತೆತ್ತ ಕಥೆ.

ಇದಾದ ಅರ್ಧ ಶತಮಾನದ ಮೇಲೆ ಕ್ಯಾಲಿಫೋರ್ನಿಯದಲ್ಲಿ ಗೆರ್ಹಾರ್ಡ್ ಫಿಷರ್ ಎಂಬ ಜರ್ಮನ್ ವಲಸಿಗರು ವಿಮಾನಗಳಿಗೆ ರೇಡಿಯೋ ದಿಕ್ಸೂಚಿ ಮಾಡುತ್ತಿದ್ದರು. ನೆಲದಲ್ಲಿ ಲೋಹವಿರುವ ಕಡೆ ದಿಕ್ಸೂಚಿ ತಪ್ಪು ತೋರಿಸುವುದನ್ನು ಗಮನಿಸಿ, ಆ ತಪ್ಪನ್ನೇ ಉಪಯೋಗಕ್ಕೆ ತಿರುಗಿಸಿ, 1937ರಲ್ಲಿ ಅವರು ಲೋಹಶೋಧಕಕ್ಕೆ ಪೇಟೆಂಟ್ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಯೂಜೆಫ್ ಕೊಸಾಟ್ಸ್ಕಿ ಎಂಬ ಪೋಲಿಷ್ ಅಧಿಕಾರಿ ಸ್ಕಾಟ್‌ಲೆಂಡಿನಲ್ಲಿದ್ದುಕೊಂಡು ನೆಲಬಾಂಬು ಪತ್ತೆಮಾಡುವ ಯಂತ್ರ ತಯಾರಿಸಿ, ಪೇಟೆಂಟ್ ಕೂಡ ಪಡೆಯದೆ ಬ್ರಿಟಿಷ್ ಸೈನ್ಯಕ್ಕೆ ಕೊಟ್ಟರು. 1942ರಲ್ಲಿ ಎಲ್ ಅಲಮೀನ್ ಕಾಳಗದಲ್ಲಿ ಸಿಪಾಯಿಗಳು ಅದನ್ನು ಹಿಡಿದು ಮರಳುಗಾಡಿನಲ್ಲಿ ದಾರಿ ಮಾಡಿಕೊಂಡರು.

ಯುದ್ಧ ಮುಗಿದಾಗ ಸೈನ್ಯಕ್ಕೆ ಬೇಡವಾದ ಯಂತ್ರಗಳು ಅಗ್ಗದ ಬೆಲೆಗೆ ಅಂಗಡಿಗೆ ಬಂದವು. ಬಾಂಬು ಹುಡುಕುತ್ತಿದ್ದ ಯಂತ್ರ ಕಾಸು ಹುಡುಕತೊಡಗಿದ್ದು ಹೀಗೆ. 1950ರಲ್ಲಿ ಆರೆಗನ್ನಿನಲ್ಲಿ ಹುಟ್ಟಿದ ವೈಟ್ಸ್, 1964ರಲ್ಲಿ ಟೆಕ್ಸಸ್ಸಿನಲ್ಲಿ ಹುಟ್ಟಿದ ಗ್ಯಾರೆಟ್ ಕಂಪನಿಗಳು ಹವ್ಯಾಸಿಗಳಿಗೆ ಯಂತ್ರ ಮಾಡಿಕೊಟ್ಟವು. ವೈಟ್ಸ್ 2020ರಲ್ಲಿ ಬಾಗಿಲು ಹಾಕಿತು. ಗ್ಯಾರೆಟ್ ಇಂದಿಗೂ ಇದೆ. ವಿಮಾನ ನಿಲ್ದಾಣದಲ್ಲಿ ನಮ್ಮ ತಾಯಂದಿರ ಬಳೆಗಳಿಗೆ ಕೂಗಿಕೊಳ್ಳುವ ಬಾಗಿಲುಗಳಲ್ಲಿ ಎಷ್ಟೋ ಆ ಕಂಪನಿಯವೇ.

ಉದ್ಯಾನದಲ್ಲಿ ಸಿಗುವುದೇನು?

ಯಂತ್ರದ ತತ್ವ ಸರಳ. ಬಳೆಯಲ್ಲಿರುವ ಸುರುಳಿಯಲ್ಲಿ ಹಿಂದುಮುಂದಾಗಿ ಹರಿಯುವ ವಿದ್ಯುತ್ತು ಸುತ್ತಲೂ ಒಂದು ಕಾಂತಕ್ಷೇತ್ರವನ್ನುಂಟುಮಾಡುತ್ತದೆ. ಆ ಕ್ಷೇತ್ರದಲ್ಲಿ ಲೋಹದ ಚೂರು ಸಿಕ್ಕಿದರೆ ಅದರೊಳಗೆ ವಿದ್ಯುತ್ತಿನ ಸಣ್ಣ ಸುಳಿಗಳೆದ್ದು, ಅವೂ ತಮ್ಮದೊಂದು ಪುಟ್ಟ ಕಾಂತಕ್ಷೇತ್ರವನ್ನು ಹೊರಸೂಸುತ್ತವೆ. ಅದನ್ನು ಎರಡನೆಯ ಸುರುಳಿ ಗ್ರಹಿಸಿ ಸದ್ದಾಗಿಸುತ್ತದೆ. ಮರುದನಿ ಎಷ್ಟು ತಡವಾಗಿ ಬರುತ್ತದೆ ಎಂಬುದರಿಂದ ಒಳಗಿರುವುದು ಕಬ್ಬಿಣವೋ ಬೆಳ್ಳಿಯೋ ಎಂದು ಊಹಿಸುವ ಯಂತ್ರಗಳು 1970ರ ದಶಕದಲ್ಲಿ ಬಳಕೆಗೆ ಬಂದವು. ಒಂದು ನಾಣ್ಯವಾದರೆ ಸುಮಾರು ಒಂದು ಗೇಣು ಆಳದವರೆಗೆ ಕೇಳಿಸುತ್ತದೆ. ಮೂಗುತಿಯಷ್ಟು ಸಣ್ಣ ಬಂಗಾರವಾದರೆ ಅದರಲ್ಲಿ ಕಾಲುಪಾಲೂ ಕಷ್ಟ.

ಯಂತ್ರಕ್ಕೆ ಮೋಸ ಮಾಡುವುದರಲ್ಲಿ ಸೋಡಾ ಡಬ್ಬಿಯ ಉಂಗುರವನ್ನು ಮೀರಿಸಿದ್ದಿಲ್ಲ. 1960ರ ದಶಕದ ಆರಂಭದಲ್ಲಿ ಓಹಾಯೋದ ಅರ್ಮಲ್ ಫ್ರೇಜ಼್ ಅವರಿಂದ ಬಂದ ಈ ಕಿತ್ತೆಸೆಯುವ ಉಂಗುರ, 1975ರಲ್ಲಿ ಡಬ್ಬಿಗೇ ಅಂಟಿಕೊಂಡಿರುವ ಉಂಗುರ ಬರುವವರೆಗೆ ಈ ದೇಶದ ಪ್ರತಿಯೊಂದು ಉದ್ಯಾನದ ಹುಲ್ಲಿಗೂ ಬಿದ್ದಿತು. ಆ ಅಲ್ಯುಮಿನಿಯಮ್ಮಿನ ಸದ್ದೂ ಚಿನ್ನದುಂಗುರದ ಸದ್ದೂ ಬಹುತೇಕ ಒಂದೇ. ಚಿನ್ನ ಬೇಕೆಂದವನು ನೂರು ಉಂಗುರ ಕೀಳಬೇಕು. ಇದರಿಂದ ಉದ್ಯಾನದ ಕಸವಾದರೂ ಕಡಮೆಯಾಗುತ್ತದೆ.

ಇನ್ನು ನಾಣ್ಯಗಳು. ಇಲ್ಲಿ ನಮ್ಮ ವೃತ್ತಿಯ ಎರಡು ಮಾತು ಹೇಳಿದರೆ ತಪ್ಪಾಗಲಾರದು. 1964ರವರೆಗಿನ ಡೈಮು, ಕ್ವಾರ್ಟರುಗಳಲ್ಲಿ ನೂರಕ್ಕೆ 90 ಪಾಲು ಬೆಳ್ಳಿ. 1965ರ ಕಾನೂನಿನಿಂದ ಬೆಳ್ಳಿ ಹೋಗಿ ತಾಮ್ರ-ನಿಕ್ಕಲ್ ಬಂತು. ಒಂದು ಸೆಂಟಿನ ನಾಣ್ಯ 1982ರವರೆಗೆ ನೂರಕ್ಕೆ 95 ಪಾಲು ತಾಮ್ರ. ಆ ವರ್ಷದಿಂದೀಚೆಗೆ ಮೇಲೆ ತೆಳ್ಳನೆಯ ತಾಮ್ರದ ಲೇಪ, ಒಳಗೆಲ್ಲ ಸತು. ಲೇಪದಲ್ಲಿ ಒಂದು ಗೀರು ಬಿದ್ದರೆ ಸಾಕು, ಒದ್ದೆ ಮಣ್ಣಿನಲ್ಲಿ ತಾಮ್ರವೂ ಸತುವೂ ಸೇರಿ ಒಂದು ಬ್ಯಾಟರಿಯಂತಾಗಿ ಸತು ಕರಗತೊಡಗುತ್ತದೆ. ಆದ್ದರಿಂದಲೇ 1990ರ ಸೆಂಟು ಗೆದ್ದಲು ತಿಂದಂತೆ ಕಾಣುತ್ತದೆ, 1920ರ ಸೆಂಟು ಹಸಿರು ಕಿಲುಬು ಹೊದ್ದು ಗಟ್ಟಿಯಾಗಿಯೇ ಇರುತ್ತದೆ. ಯುದ್ಧಕ್ಕೆ ತಾಮ್ರ ಬೇಕಾಗಿದ್ದ 1943ರಲ್ಲಿ ಸೆಂಟನ್ನು ಸತು ಬಳಿದ ಉಕ್ಕಿನಲ್ಲಿ ಟಂಕಿಸಿದರು. 1944ರಿಂದ 1946ರವರೆಗಿನ ಸೆಂಟುಗಳಿಗೆ ಸೈನ್ಯದ ಹಳೆಯ ತೋಟಾ ಕೊಳವೆಗಳ ಲೋಹವೂ ಸೇರಿತು. ನಮ್ಮ ಹುಡುಗಿಗೆ ಸಿಕ್ಕಿದ್ದು ಅಂಥದೊಂದು. ಅಂದಮೇಲೆ ಹಳೆಯ ನಾಣ್ಯಕ್ಕೆ ಹುಣಿಸೆಹಣ್ಣು ಹಾಕಿ ತಿಕ್ಕಿ ಥಳಥಳ ಮಾಡಬೇಡಿರೆಂದು ತಾಯಂದಿರಲ್ಲಿ ನಮ್ಮ ವಿನಂತಿ. ಪೂಜೆಯ ತಂಬಿಗೆಗೆ ಅದು ಸರಿ. ನಾಣ್ಯದ ಮೇಲಿನ ಕಿಲುಬು ಮಾತ್ರ ಅದು ನೆಲದಲ್ಲಿ ಕಳೆದ ಕಾಲದ ಗುರುತು.

ಷಿಕಾಗೊ ನಗರದ ಹುಲ್ಲಿನಡಿ

ಹುಲ್ಲು ಹಸಿರಾಗಿದೆಯೆಂದ ಮಾತ್ರಕ್ಕೆ ನೆಲಕ್ಕೆ ಹಿಂದಿನ ಕಥೆಯಿಲ್ಲವೆಂದಲ್ಲ. ಷಿಕಾಗೊ ಬಂಧುಗಳು ಸಂಜೆ ಸುತ್ತಾಡುವ ಮೂರು ಉದ್ಯಾನಗಳನ್ನೇ ನೋಡೋಣ.

1871ರ ಅಕ್ಟೋಬರಿನ ಮಹಾ ಅಗ್ನಿಯಲ್ಲಿ ಊರು ಉರಿದುಹೋದಾಗ ಆ ಬೂದಿ, ಇಟ್ಟಿಗೆ, ಕರಗಿದ ಕಬ್ಬಿಣವನ್ನೆಲ್ಲ ದಡದಂಚಿಗೆ ಸುರಿದು ಸರೋವರವನ್ನೇ ಒಂದಿಷ್ಟು ತುಂಬಿಸಿದರು. ಇಂದಿನ ಗ್ರಾಂಟ್ ಪಾರ್ಕಿನ ಒಂದು ಭಾಗ ನಿಂತಿರುವುದು ಆ ಅವಶೇಷದ ಮೇಲೆ. ಲಿಂಕನ್ ಪಾರ್ಕಿನ ದಕ್ಷಿಣ ಭಾಗ 1843ರಿಂದ ನಗರದ ಸ್ಮಶಾನವಾಗಿತ್ತು. ಆಮೇಲೆ ಗೋರಿಗಳನ್ನು ಬೇರೆಡೆಗೆ ಸಾಗಿಸಿ ಉದ್ಯಾನ ಮಾಡಿದರು. 1858ರ ಕೌಚ್ ಮನೆತನದ ಕಲ್ಲುಗೋರಿ ಇಂದಿಗೂ ಅಲ್ಲೇ ಇದೆ. ಎಲ್ಲರನ್ನೂ ಸಾಗಿಸಿರಲಿಲ್ಲ. 1998ರಲ್ಲಿ ವಾಹನ ನಿಲುಗಡೆಗೆಂದು ಅಗೆದಾಗ 81 ಜನರ ಅವಶೇಷಗಳು ಸಿಕ್ಕಿದವು. ಅಲ್ಲಿ ಯಂತ್ರ ಕೂಗಿದರೆ ಅದು ಶವಪೆಟ್ಟಿಗೆಯ ಮೊಳೆಯೂ ಆಗಿರಬಹುದು.

ಮೂರನೆಯದು ಜಾಕ್ಸನ್ ಪಾರ್ಕ್. ಸ್ವಾಮಿ ವಿವೇಕಾನಂದರು ಷಿಕಾಗೊಗೆ ಬಂದ 1893ರ ವಿಶ್ವ ಮೇಳ ನಡೆದದ್ದು ಇಲ್ಲಿ. ಸರ್ವಧರ್ಮ ಸಮ್ಮೇಳನ ಮಾತ್ರ ಈಗಿನ ಆರ್ಟ್ ಇನ್‌ಸ್ಟಿಟ್ಯೂಟಿನ ಕಟ್ಟಡದಲ್ಲಿ ಸೇರಿತ್ತು. ಆರು ತಿಂಗಳಲ್ಲಿ ಒಟ್ಟು ಎರಡು ಕೋಟಿ ಎಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರವೇಶಗಳಾದವು. ಅಮೆರಿಕದ ಮೊದಲ ಸ್ಮಾರಕ ನಾಣ್ಯವಾದ ಕೊಲಂಬಿಯನ್ ಅರ್ಧ ಡಾಲರು ಈ ಮೇಳದ್ದು. ಸೆಂಟನ್ನು ಗಾಣದಂಥ ಉರುಳೆಗಳ ನಡುವೆ ಒತ್ತಿ ಉದ್ದನೆಯ ಬಿಲ್ಲೆ ಮಾಡಿಕೊಡುವ ಚಾಳಿಯೂ ಈ ದೇಶದಲ್ಲಿ ಇಲ್ಲಿಂದಲೇ ಶುರು. ಅಮೃತಶಿಲೆಯಂತೆ ಹೊಳೆದ ಆ ಬಿಳಿಯ ಅರಮನೆಗಳೆಲ್ಲ ಗಾರೆಗೆ ನಾರು ಬೆರೆಸಿ ಮೆತ್ತಿದವು. ಮೇಳ ಮುಗಿದ ಮೇಲೆ ಅವುಗಳಲ್ಲಿ ಬಹುಪಾಲು ಮಾಯವಾದವು. 2008ರಲ್ಲಿ ರೆಬೆಕಾ ಗ್ರಾಫ್ ಎಂಬ ಪ್ರಾಕ್ತನ ಶಾಸ್ತ್ರಜ್ಞೆ ಷಿಕಾಗೊ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೊಡನೆ ಅಲ್ಲಿ ಅಗೆದು ಓಹಾಯೋ ರಾಜ್ಯದ ಭವನದ ಕುರುಹುಗಳನ್ನು ಕಂಡರು. ಅದಕ್ಕೆ ಸಾಕ್ಷಿಯಾದದ್ದು ಚಿನ್ನವಲ್ಲ, ಬೆಳ್ಳಿಯಲ್ಲ, ಗಾರೆಯ ಚೂರು ಮತ್ತು ಅವು ಬಿದ್ದಿದ್ದ ಸಾಲು. ನಾಣ್ಯದಾಸೆಗೆ ಯಾರಾದರೂ ಆ ಪದರವನ್ನು ಮೊದಲೇ ಕಲಕಿದ್ದರೆ ಆ ಸಾಲನ್ನು ಓದಲು ಯಾರಿಂದಲೂ ಆಗುತ್ತಿರಲಿಲ್ಲ.

ಮಿಷಿಗನ್ನಿನ ತಾಮ್ರ

ಮಿಷಿಗನ್ನಿನ ಉತ್ತರ ತುದಿಯಲ್ಲಿ, ಸುಪೀರಿಯರ್ ಸರೋವರಕ್ಕೆ ಚಾಚಿಕೊಂಡಿರುವ ಕೀವೀನಾ ಎಂಬ ನೆಲಮೂಗಿದೆ. ಅಲ್ಲಿ ತಾಮ್ರ ಅದಿರಾಗಿ ಅಲ್ಲ, ಶುದ್ಧ ಲೋಹವಾಗಿಯೇ ಬಂಡೆಯಲ್ಲಿ ಸಿಗುತ್ತದೆ. ಪ್ರಪಂಚದಲ್ಲೇ ಅಪರೂಪವಾದ ಸಂಗತಿ. ಇಲ್ಲಿಯ ಮೂಲನಿವಾಸಿಗಳು ಹಲವು ಸಾವಿರ ವರ್ಷಗಳ ಹಿಂದೆಯೇ ಆ ತಾಮ್ರವನ್ನು ಕಾಯಿಸಿ ಬಡಿದು ಈಟಿಯ ಮೊನೆ, ಉಳಿ, ಮಣಿಗಳನ್ನು ಮಾಡುತ್ತಿದ್ದರು. ಒಂಟನಾಗನ್ ನದಿಯಲ್ಲಿದ್ದ 3,708 ಪೌಂಡು ತೂಕದ ತಾಮ್ರದ ಬಂಡೆಯನ್ನು ಡೆಟ್ರಾಯಿಟಿನ ಕಬ್ಬಿಣ ಸಾಮಾನಿನ ವ್ಯಾಪಾರಿ ಜೂಲಿಯಸ್ ಎಲ್ಡ್ರೆಡ್ ಹರಸಾಹಸ ಮಾಡಿ 1843ರಲ್ಲಿ ಡೆಟ್ರಾಯಿಟಿಗೆ ತಂದು, ತಲೆಗೆ 25 ಸೆಂಟು ಪಡೆದು ಜನಕ್ಕೆ ತೋರಿಸಿದರು. ಸರ್ಕಾರ ಅದನ್ನು ವಶಪಡಿಸಿಕೊಂಡು ವಾಷಿಂಗ್ಟನ್ನಿಗೆ ಒಯ್ಯಿತು. ಇಂದು ಅದು ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. ಒಜಿಬ್ವೆ ಜನ ಪವಿತ್ರವೆಂದು ನಡೆದುಕೊಳ್ಳುತ್ತಿದ್ದ ಬಂಡೆ ಅದು. ಅವರ ಸಮುದಾಯವೊಂದು 1991ರಲ್ಲಿ ಅದನ್ನು ಹಿಂದಕ್ಕೆ ಕೇಳಿತು, ಸಿಗಲಿಲ್ಲ.

ನಿಜವಾದ ತಾಮ್ರದ ಕಥೆ ಹೀಗಿರಲು, ಮಿಷಿಗನ್ನಿನಲ್ಲಿ ಸುಳ್ಳು ತಾಮ್ರದ ಕಥೆಯೂ ಒಂದು ನಡೆಯಿತು. 1890ರಲ್ಲಿ ಮಾಂಟ್‌ಕಾಮ್ ಕೌಂಟಿಯಲ್ಲಿ ಜೇಮ್ಸ್ ಸ್ಕಾಟ್‌ಫರ್ಡ್ ಎಂಬ ಬೋರ್ಡು ಬರೆಯುವವರಿಗೆ ಬೇಲಿಗುಣಿ ತೋಡುವಾಗ ಚಿತ್ರಲಿಪಿಯಿದ್ದ ಮಣ್ಣಿನ ಕರಂಡಕವೊಂದು ಸಿಕ್ಕಿತೆಂದು ಸುದ್ದಿಯಾಯಿತು. ಆಮೇಲೆ ಸಿಕ್ಕಿದ್ದೇ ಸಿಕ್ಕಿದ್ದು! ಬೈಬಲ್ಲಿನ ಜಲಪ್ರಳಯ ಕೆತ್ತಿದ ಫಲಕ, ಈಜಿಪ್ಟಿನದೋ ಅಸ್ಸೀರಿಯದ್ದೋ ಎನ್ನುವಂಥ ಅಕ್ಷರ, ತಾಮ್ರದ ಕತ್ತಿ, ಕೊಡಲಿ. ರಾಜ್ಯದ ಕಾರ್ಯದರ್ಶಿಯಾಗಿದ್ದು ಹಣದ ಆಪಾದನೆಯಿಂದ ಪದವಿ ಬಿಟ್ಟಿದ್ದ ಡೇನಿಯಲ್ ಸೋಪರ್ ಆಮೇಲೆ ಜೊತೆಗೂಡಿದರು. ಡೆಟ್ರಾಯಿಟಿನಲ್ಲಿ ವ್ಯಾಪಾರ ಕುದುರಿತು. ಜೇಮ್ಸ್ ಸ್ಯಾವೇಜ್ ಎಂಬ ಪಾದ್ರಿಗಳು ಪ್ರಾಮಾಣಿಕವಾಗಿ ನಂಬಿ ರಾಶಿರಾಶಿ ಸಂಗ್ರಹಿಸಿದರು. ಅಗೆಯುವಾಗ ದೊಡ್ಡ ಮನುಷ್ಯರನ್ನು ಸಾಕ್ಷಿಗೆ ಕರೆಯುತ್ತಿದ್ದರು. "ನನ್ನ ಕಣ್ಣಾರೆ ನೆಲದಿಂದ ಬಂತು" ಎನ್ನುವವರಿಗೆ ಕೊರತೆಯಿರಲಿಲ್ಲ.

ಆನ್ ಆರ್ಬರಿನ ಮಿಷಿಗನ್ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಫ್ರಾನ್ಸಿಸ್ ಕೆಲ್ಸಿ 1892ರಲ್ಲೇ ಇದು ಕೃತಕವೆಂದು ಬರೆದರು. ಸುಡದ ಆ ಜೇಡಿಮಣ್ಣು ನೀರಿಗೆ ಹಾಕಿದರೆ ಕರಗುತ್ತಿತ್ತು. ಮಿಷಿಗನ್ನಿನ ಮಳೆ, ಹಿಮದ ನೆಲದಲ್ಲಿ ಅದು ಸಾವಿರ ವರ್ಷ ಉಳಿಯುವುದೆಂತು? ಮುಚ್ಚಳವೊಂದರ ಅಡಿಯಲ್ಲಿ ಯಂತ್ರದ ಗರಗಸದಿಂದ ಕೊಯ್ದ ಹಲಗೆಯ ಅಚ್ಚು ಇತ್ತು. ಆದರೂ ಜನ ನಂಬುವುದನ್ನು ಬಿಡಲಿಲ್ಲ.

1909ರಲ್ಲಿ ಯೂಟಾದಿಂದ ಜೇಮ್ಸ್ ಟಾಲ್ಮೇಜ್ ಬಂದರು. ರಸಾಯನ ಶಾಸ್ತ್ರ, ಭೂವಿಜ್ಞಾನ ಎರಡನ್ನೂ ಓದಿದವರು, ಮಾರ್ಮನ್ ಮತದವರು. ಪ್ರಾಚೀನ ಕಾಲದಲ್ಲಿ ಪಶ್ಚಿಮ ಏಷ್ಯದಿಂದ ಜನ ಅಮೆರಿಕಕ್ಕೆ ಬಂದರೆಂದು ಅವರ ಮತಗ್ರಂಥವೇ ಹೇಳುತ್ತದೆ. ಈ ವಸ್ತುಗಳು ನಿಜವಾದರೆ ಅವರಷ್ಟು ಸಂತೋಷಪಡಬೇಕಾದವರು ಬೇರೆ ಯಾರೂ ಇರಲಿಲ್ಲ. ಅವರು ತಾವೇ ನಿಂತು ಅಗೆಸಿದರು, ತಾಮ್ರವನ್ನು ಪರೀಕ್ಷೆ ಮಾಡಿದರು. ಅದು ಕೀವೀನಾದ ಬಂಡೆಯ ತಾಮ್ರವಲ್ಲ, ಕುಲುಮೆಯಲ್ಲಿ ಕರಗಿಸಿದ ಅಂಗಡಿಯ ತಾಮ್ರ. 1911ರಲ್ಲಿ ಇದು ಮೋಸವೆಂದು ಅಚ್ಚುಹಾಕಿಸಿ ಪ್ರಕಟಿಸಿದರು. ಬೇಕಾದ ಉತ್ತರ ಎದುರಿಗೇ ಇದ್ದರೂ ಮೂಸೆಯ ಮಾತನ್ನೇ ಕೇಳಿದ ಈ ಮನುಷ್ಯರನ್ನು ನೆನೆದಾಗ ನಮಗೆ ವೃತ್ತಿಯ ಅಭಿಮಾನ ಉಕ್ಕುತ್ತದೆ. ಎಷ್ಟೋ ವರ್ಷಗಳ ಮೇಲೆ ನಮ್ಮ ಪಕ್ಕದ ಓಕ್‌ಲೆಂಡ್ ವಿಶ್ವವಿದ್ಯಾನಿಲಯದ ರಿಚರ್ಡ್ ಸ್ಟ್ಯಾಂಪ್ಸ್ ಅವರೂ ಪರಿಶೀಲಿಸಿ, ಆಧುನಿಕ ಉಪಕರಣಗಳ ಗುರುತನ್ನು ತೋರಿಸಿಕೊಟ್ಟರು. 2003ರಲ್ಲಿ ಮಾರ್ಮನ್ ಚರ್ಚು ತನ್ನಲ್ಲಿದ್ದ ಸಂಗ್ರಹವನ್ನು ಮಿಷಿಗನ್ನಿನ ಐತಿಹಾಸಿಕ ವಸ್ತುಸಂಗ್ರಹಾಲಯಕ್ಕೆ ಹಿಂದಿರುಗಿಸಿತು. ಇಂದು ಅವು ನಕಲಿಯ ಮಾದರಿಗಳಾಗಿ ಲ್ಯಾನ್ಸಿಂಗ್‌ನಲ್ಲಿವೆ.

ಈ ಮೋಸದಲ್ಲಿ ಹಣ ಕಳೆದುಕೊಂಡವರಿಗಿಂತ ದೊಡ್ಡ ನಷ್ಟ ಇನ್ನೊಬ್ಬರಿಗಾಯಿತು. ಇಲ್ಲಿಯ ದಿಬ್ಬಗಳನ್ನು ಕಟ್ಟಿದ್ದು, ತಾಮ್ರ ಬಡಿದದ್ದು ಮೂಲನಿವಾಸಿಗಳಲ್ಲ, ಎಲ್ಲಿಂದಲೋ ಬಂದ ಬೇರೆ ಜನ ಎಂಬ ಕಥೆಗೆ ಈ ಫಲಕಗಳು ಆಧಾರವಾದವು. ನೆಲದಲ್ಲಿ ಸುಳ್ಳು ಹೂತರೆ ಆ ನೆಲದ ಮಕ್ಕಳ ಚರಿತ್ರೆಯೇ ಕಳವಾಗುತ್ತದೆ.

ನಮ್ಮೂರಿನ ನೆಲ

ಈಗ ನಮ್ಮ ನಾಡಿನ ಕಡೆ ತಿರುಗೋಣ. ರಾಯಚೂರು ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನದ ಜಾಡು ಹುಡುಕುತ್ತಿದ್ದರು. ಗುಡ್ಡದ ಗುಹೆಯ ಬಂಡೆಯ ಮೇಲೆ ಅವರ ಕಣ್ಣಿಗೆ ಬಿದ್ದದ್ದು ಅಕ್ಷರಗಳು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ ಚಕ್ರವರ್ತಿಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ. 'ಅಶೋಕ' ಎಂಬ ಹೆಸರು ಮೊದಲು ಕಂಡದ್ದು ಮಸ್ಕಿಯಲ್ಲಿ. ಲೋಹ ಹುಡುಕಲು ಹೋದವರು ಬಂಡೆಯನ್ನು ಒಡೆಯದೆ ಸುದ್ದಿ ಮುಟ್ಟಿಸಿದ್ದರಿಂದ ಚರಿತ್ರೆಗೆ ಒಂದು ಹೆಸರು ಸಿಕ್ಕಿತು.

ಇನ್ನೊಂದು ಉದಾಹರಣೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಒಟ್ಟಿಗೆ ಸಿಕ್ಕಿದವು. ದೊಡ್ಡ ನಿಧಿಯೇ. ರೋಮಿನ ಹಣ ನಮ್ಮ ನಾಡಿಗೆ ಬಂದಿತ್ತೆಂದು ಅವು ಹೇಳುತ್ತವೆ. ಯಾವ ಮನೆಯಲ್ಲಿ, ಎಂಥ ಮಡಕೆ-ಕುಡಿಕೆಗಳ ನಡುವೆ ಅವನ್ನು ಬಳಸಿದರೆಂದು ಹೇಳಲಾರವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ. ಎಚ್. ಕೃಷ್ಣ ಅವರು, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಪದರ ಪದರವಾಗಿ ಉತ್ಖನನ ನಡೆಸಿದರು. ಅಲ್ಲಿ ಶಾತವಾಹನರ ಕಾಲದ ನಾಣ್ಯ, ಮಡಕೆಗಳಿದ್ದ ಮಟ್ಟದಲ್ಲೇ ರೋಮಿನ ಚಕ್ರವರ್ತಿ ಟೈಬೀರಿಯಸ್ಸನ ಬೆಳ್ಳಿ ನಾಣ್ಯ ಸಿಕ್ಕಿತು. ಆ ಒಂದು ನಾಣ್ಯ ಯಾವ ಪದರದಲ್ಲಿತ್ತೆಂದು ಗೊತ್ತಿದ್ದುದರಿಂದ ಆ ಮಡಕೆಗಳ ಕಾಲವನ್ನೂ, ಅಲ್ಲಿ ಬಾಳಿದವರ ಕಾಲವನ್ನೂ ಗೊತ್ತುಮಾಡಲು ಆಧಾರ ದೊರೆಯಿತು. ಎಷ್ಟು ಸಿಕ್ಕಿತು ಎಂಬುದಕ್ಕಿಂತ ಎಲ್ಲಿ ಸಿಕ್ಕಿತು ಎಂಬುದು ಮುಖ್ಯವೆನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಆದರೆ ನಿಧಿಯ ಹುಚ್ಚು ಹಿಡಿದವರಿಗೆ ಈ ಮಾತು ಬೇಕಿಲ್ಲ. ಷಿಕಾಗೊ ಕನ್ನಡ ಕೂಟಕ್ಕೆ ಹೆಸರಾಗಿರುವ ವಿದ್ಯಾರಣ್ಯರು ವಿಜಯನಗರ ಕಟ್ಟುವಾಗ ಹೊನ್ನಿನ ಮಳೆ ಕರೆಸಿದರೆಂಬ ಐತಿಹ್ಯವನ್ನು ನಾವೆಲ್ಲ ಕೇಳಿಯೇ ಬೆಳೆದವರು. ಭಕ್ತಿಯಿಂದ ಕೇಳಬೇಕಾದ ಕಥೆಯನ್ನು ಕೆಲವರು ವಿಳಾಸದ ಚೀಟಿಯೆಂದು ತಿಳಿದರು! ಹಂಪೆ, ಆನೆಗೊಂದಿಗಳ ಸುತ್ತ ಎಷ್ಟು ಗುಡಿಯ ಪೀಠಗಳು, ಎಷ್ಟು ಮೂರ್ತಿಗಳು ಈ ಆಸೆಗೆ ಬಲಿಯಾಗಿವೆಯೋ. 2019ರ ಜುಲೈಯಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ರಾತ್ರೋರಾತ್ರಿ ಕೆಡವಿಹಾಕಿದ ಸುದ್ದಿ ಬಂದಾಗ ಇಲ್ಲಿಯ ಎಷ್ಟೋ ಮನೆಗಳಲ್ಲಿ ಅಂದು ಅನ್ನ ಇಳಿಯಲಿಲ್ಲ. ನಿಧಿಯಿದೆಯೆಂದು ನಂಬಿ ಬಂದವರ ಕೆಲಸವದು. ಪೊಲೀಸರು ಹಲವರನ್ನು ಹಿಡಿದರು. ಭಕ್ತರು ಕೂಡಿ ಕೆಲವೇ ದಿನಗಳಲ್ಲಿ ವೃಂದಾವನವನ್ನು ಮತ್ತೆ ನಿಲ್ಲಿಸಿದರು.

ಆ ವ್ಯಾಸರಾಜರ ಶಿಷ್ಯರು ಯಾರು? ಪುರಂದರದಾಸರು. ಹೆಂಡತಿ ದಾನ ಕೊಟ್ಟ ಒಂದು ಮೂಗುತಿಯಿಂದ ಕಣ್ತೆರೆದು, ನವಕೋಟಿಯನ್ನು ತೊರೆದು ತಂಬೂರಿ ಹಿಡಿದರೆಂದು ನಾವು ಮಕ್ಕಳಿಗೆ ಹೇಳುವ ಕಥೆಯ ನಾಯಕರು. ಚಿನ್ನವನ್ನು ಬಿಟ್ಟು ಬಂದವರಿಗೆ ಗುರುವಾದವರ ಸಮಾಧಿಯನ್ನು ಚಿನ್ನಕ್ಕಾಗಿ ಒಡೆದರು. ಇದಕ್ಕಿಂತ ಹೆಚ್ಚಿಗೆ ನಾವೇನು ಬರೆಯೋಣ?

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. ನೆಲದಲ್ಲಿ ಹುದುಗಿದ್ದ ಹತ್ತು ರೂಪಾಯಿಗೆ ಮೇಲ್ಪಟ್ಟ ಬೆಲೆಯ ನಿಧಿ ಸಿಕ್ಕಿದರೆ ಕಲೆಕ್ಟರಿಗೆ ತಿಳಿಸಬೇಕೆಂದು 1878ರ ಕಾಯಿದೆಯೇ ಹೇಳಿತು. ನಮ್ಮ ರಾಜ್ಯಕ್ಕೆ 1962ರಲ್ಲಿ ಪ್ರತ್ಯೇಕ ನಿಧಿ ಕಾಯಿದೆ ಬಂತು. ಹೊಲ ಉಳುವಾಗ ಸಿಕ್ಕಿದ್ದನ್ನು ತಂದೊಪ್ಪಿಸುವ ರೈತರೂ ಇದ್ದಾರೆ, ರಾತ್ರಿ ಗುದ್ದಲಿ ಹಿಡಿಯುವವರೂ ಇದ್ದಾರೆ. ಎರಡನೆಯವರ ಕೈಗೂ ಈಗ ಈ ಯಂತ್ರ ಬಂದಿದೆ.

ಯಂತ್ರವೇ ಚರಿತ್ರೆ ಬರೆದ ಕಥೆ

ಹಾಗಾದರೆ ಯಂತ್ರವನ್ನು ದೂರವಿಡಬೇಕೇ? ಅಮೆರಿಕದ ಪ್ರಾಕ್ತನ ಶಾಸ್ತ್ರಜ್ಞರಲ್ಲಿ ಬಹುಮಂದಿ ಬಹುಕಾಲ ಹಾಗೆಯೇ ಎಣಿಸಿದ್ದರು. ಅವರ ಮನಸ್ಸು ಬದಲಾಗಲು ಕಾರಣವಾದ ಕಥೆಗೂ ಮಿಷಿಗನ್ನಿಗೂ ನಂಟಿದೆ. ಡೆಟ್ರಾಯಿಟಿನ ದಕ್ಷಿಣಕ್ಕೆ ಮನ್ರೋ ಪಟ್ಟಣದಲ್ಲಿ ಕುದುರೆಯ ಮೇಲೆ ಕುಳಿತ ಜನರಲ್ ಕಸ್ಟರ್ ಪ್ರತಿಮೆಯನ್ನು ನೀವು ನೋಡಿರಬಹುದು. ಬಾಲ್ಯದ ಬಹುಭಾಗವನ್ನು ಆತ ಕಳೆದದ್ದು ಆ ಊರಿನಲ್ಲಿ. 1876ರ ಜೂನಿನಲ್ಲಿ ಮೊಂಟಾನದ ಲಿಟ್ಲ್ ಬಿಗ್ ಹಾರ್ನ್ ನದಿಯ ಬಳಿ ಲಕೋಟಾ, ಷಯೆನ್ ಯೋಧರ ಎದುರು ಆತನೂ ಆತನ ತುಕಡಿಯ ಸುಮಾರು 210 ಜನರೂ ಸತ್ತರು. ಆ ತುಕಡಿಯಲ್ಲಿ ಯಾರೂ ಉಳಿಯಲಿಲ್ಲವಾಗಿ ನಡೆದದ್ದೇನೆಂಬುದು ಊಹಾಪೋಹವಾಯಿತು. ಗೆದ್ದ ಪಂಗಡದವರು ಹೇಳಿದ್ದನ್ನು ಬಿಳಿಯರು ಅಷ್ಟಾಗಿ ನಂಬಲಿಲ್ಲ.

1983ರಲ್ಲಿ ಕಾಳ್ಗಿಚ್ಚು ಬಿದ್ದು ಆ ರಣಭೂಮಿಯ ಹುಲ್ಲು ಸುಟ್ಟುಹೋಯಿತು. 1984, 1985ರಲ್ಲಿ ಡಗ್ಲಸ್ ಸ್ಕಾಟ್, ರಿಚರ್ಡ್ ಫಾಕ್ಸ್ ಎಂಬ ವಿದ್ವಾಂಸರು ಹವ್ಯಾಸಿ ಲೋಹಶೋಧಕರನ್ನು ಕರೆಸಿ, ಸಾಲಾಗಿ ನಿಲ್ಲಿಸಿ, ನಾಟಿ ಮಾಡುವವರಂತೆ ಹೆಜ್ಜೆಹೆಜ್ಜೆಗೆ ನಡೆಸಿದರು. ಯಂತ್ರ ಕೂಗಿದಲ್ಲೆಲ್ಲ ಒಂದು ಪತಾಕೆ. ಅಳತೆಯಾಗಿ ನಕ್ಷೆಗೇರುವವರೆಗೆ ಯಾವುದನ್ನೂ ಕದಲಿಸುವಂತಿಲ್ಲ. ಹೀಗೆ ಸಾವಿರಾರು ಗುಂಡು, ತೋಟಾಗಳ ನೆಲೆ ಗೊತ್ತಾಯಿತು. ತೋಟಾದ ಬೆನ್ನಿಗೆ ಬಂದೂಕಿನ ಮೊಳೆ ಬಡಿದ ಗುರುತು ಒಂದೊಂದು ಬಂದೂಕಿಗೆ ಒಂದೊಂದು ಬಗೆ. ಪೊಲೀಸರ ಪ್ರಯೋಗಶಾಲೆಯ ಈ ವಿಧಾನದಿಂದ ಯಾವ ಬಂದೂಕು ಎಲ್ಲಿಂದ ಎಲ್ಲಿಗೆ ನಡೆಯಿತೆಂಬುದನ್ನು ನೂರು ವರ್ಷಗಳ ಮೇಲೆ ಗುರುತಿಸಿದರು. ಮೂಲನಿವಾಸಿಗಳ ಅಜ್ಜಂದಿರು ಹೇಳುತ್ತ ಬಂದಿದ್ದ ಎಷ್ಟೋ ಮಾತುಗಳಿಗೆ ಮಣ್ಣು ಸಾಕ್ಷಿ ನುಡಿಯಿತು. ಅದೇ ತೋಟಾಗಳನ್ನು ಪ್ರವಾಸಿಗರು ಒಂದೊಂದಾಗಿ ಜೇಬಿಗೆ ಹಾಕಿಕೊಂಡಿದ್ದರೆ ಮನೆಮನೆಯ ಕಪಾಟಿನಲ್ಲಿ ತೋಟಾ ಉಳಿಯುತ್ತಿತ್ತು, ಕಥೆ ಉಳಿಯುತ್ತಿರಲಿಲ್ಲ.

ನಮ್ಮ ಮನೆಗಳಿಗೆ ಕೆಲವು ಮಾತು

ಇಷ್ಟಾದ ಮೇಲೆ, ಕೇಳಿದವರಿಗೆ ನಮ್ಮ ಉತ್ತರ. ರಾಷ್ಟ್ರೀಯ ಉದ್ಯಾನಗಳಲ್ಲಿ ಈ ಯಂತ್ರ ಬಳಸುವುದು ಪೂರ್ಣ ನಿಷಿದ್ಧ. ಷಿಕಾಗೊ ಬಂಧುಗಳು ಈಜಲು ಹೋಗುವ, 2019ರಲ್ಲಿ ರಾಷ್ಟ್ರೀಯ ಉದ್ಯಾನವಾದ ಇಂಡಿಯಾನ ಡ್ಯೂನ್ಸ್, ನಾವು ಹೋಗುವ ಸ್ಲೀಪಿಂಗ್ ಬೇರ್ ಡ್ಯೂನ್ಸ್ ಎರಡಕ್ಕೂ ಈ ಮಾತು ಸಲ್ಲುತ್ತದೆ. ಒಕ್ಕೂಟ ಸರ್ಕಾರದ ನೆಲದಲ್ಲಿ 100 ವರ್ಷಕ್ಕೆ ಹಳೆಯದಾದ ಪುರಾತನ ವಸ್ತುಗಳನ್ನು ಅಪ್ಪಣೆಯಿಲ್ಲದೆ ಅಗೆದು ತೆಗೆಯುವುದು 1979ರ ಕಾನೂನಿನ ಪ್ರಕಾರ ಅಪರಾಧ. ಮಿಷಿಗನ್ ರಾಜ್ಯದ ಉದ್ಯಾನಗಳಲ್ಲಿ ಕೆಲವು ಮುಕ್ತ, ಕೆಲವು ಗುರುತು ಹಾಕಿದ ಭಾಗದಲ್ಲಿ ಮಾತ್ರ ಮುಕ್ತ, ಕೆಲವು ಮುಚ್ಚಿವೆ. ಸಿಕ್ಕಿದ್ದನ್ನು ಅಲ್ಲಿಯ ಸಿಬ್ಬಂದಿಗೆ ತೋರಿಸಬೇಕು. ಷಿಕಾಗೊ ನಗರದ ಉದ್ಯಾನಗಳಿಗೆ ಪಾರ್ಕ್ ಡಿಸ್ಟ್ರಿಕ್ಟಿನ ಅನುಮತಿ ಪತ್ರ ಬೇಕು. ಊರೂರಿಗೆ ನಿಯಮ ಬೇರೆಯಾದ್ದರಿಂದ ಮೊದಲು ಕೇಳುವುದೇ ಕ್ಷೇಮ. ಖಾಸಗಿ ನೆಲವಾದರೆ ಒಡೆಯರ ಒಪ್ಪಿಗೆ ಬೇಕೇ ಬೇಕು.

ಅಪ್ಪಣೆಯಿದ್ದ ಕಡೆ, ಮಕ್ಕಳಿಗೆ ಮೂರು ನಡವಳಿಕೆ ಕಲಿಸೋಣ. ಹುಲ್ಲಿನ ಹೆಂಟೆಯನ್ನು ಮುಚ್ಚಳದಂತೆ ಎತ್ತಿ, ಕೆಲಸವಾದ ಮೇಲೆ ಹಾಗೆಯೇ ಮುಚ್ಚಿ ಕಾಲಲ್ಲಿ ಒತ್ತಬೇಕು. ಎಲುಬು, ಹಳೆಯ ಮಡಕೆ ಚೂರು, ಸಾಲುಗಲ್ಲು ಕಂಡರೆ ಕೈ ತೆಗೆದು ಉದ್ಯಾನದವರಿಗೆ ತಿಳಿಸಬೇಕು. ಸಿಕ್ಕಿದ್ದೇನೇ ಇರಲಿ, ದಿನ, ಜಾಗ, ಆಳ ಬರೆದಿಡಬೇಕು. ಮನೆಯ ಬಂಗಾರವನ್ನು ತೂಕ ಮಾಡಿಸುವ ಅಭ್ಯಾಸ ನಮ್ಮವರಿಗಿದೆ. ಅದನ್ನು ಯಾರು ಯಾರಿಗೆ ಯಾವಾಗ ಕೊಟ್ಟರೆಂದು ಬರೆದಿಡುವ ಅಭ್ಯಾಸವಿಲ್ಲ. ಆ ಶಿವಮೊಗ್ಗದ ತಾಯಿ ಮರುಗಿದ್ದು ಚಿನ್ನದ ತೂಕಕ್ಕಲ್ಲ, "ಅತ್ತೆಯವರು ಕೊಟ್ಟದ್ದು" ಎಂಬುದಕ್ಕೆ.

ಈ ಲೇಖನ ಬರೆಯುವ ಮೊದಲು ಆ ಹುಡುಗಿಯ ಮನೆಗೆ ಹೋಗಿ ನಾಣ್ಯ ತೋರಿಸೆಂದು ಕೇಳಿದೆವು. ಅರ್ಧ ಗಂಟೆ ಹುಡುಕಿದಳು, ಸಿಗಲಿಲ್ಲ. ಚೀಟಿ ಮಾತ್ರ ಕನ್ನಡ ಶಾಲೆಯ ಪುಸ್ತಕದೊಳಗೆ ಭದ್ರವಾಗಿತ್ತು. ಹಿಂಬದಿಯಲ್ಲಿ ಅದೇ ವಿವರವನ್ನು ಅವಳು ತನ್ನ ಕೈಯಾರೆ ಕನ್ನಡದಲ್ಲಿ ಬರೆದುಕೊಂಡಿದ್ದಳು. 'ಅಂಗುಲ'ಕ್ಕೆ ಒಂದು ಸೊನ್ನೆ ಬಿಟ್ಟುಹೋಗಿತ್ತು. ನಾವು ತಿದ್ದಲಿಲ್ಲ.